ಅಟ್ಟಿಯ ಒಳಗಿನ ಸಾಲು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
10 ಡಿಸೆಂಬರ್ 2023

ಅಪ್ಪಾ,

ನಿನ್ನೆ ಫೋನಿನಲ್ಲಿ ನಾನು ಕೂಗಿದ್ದು ಪಕ್ಕದ ಮನೆಯವರಿಗೆಲ್ಲ ಕೇಳಿಸಿತು, ನಿನಗೆ ಮಾತ್ರ ಕೇಳಿಸಲಿಲ್ಲ. ನಲವತ್ತು ವರ್ಷ ಮಿಲ್ಲಿನಲ್ಲಿ ಮರ ಕೊಯ್ಯುವ ಬ್ಯಾಂಡ್ ಸಾ ಮುಂದೆ ನಿಂತವನ ಕಿವಿಯ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಎಂದಿನಂತೆ ಬರೆಯುತ್ತಿದ್ದೇನೆ. ನಾಳೆ ಹಿದಾಯತ್ ಮಿಲ್ಲಿನ ಟೆಂಪೊ ತಗೊಂಡು ಇಲ್ಲಿಗೆ ಬರುತ್ತಾನೆ, ಅವನ ಕೈಗೆ ಕೊಡುತ್ತೇನೆ.

ವಿಷಯ ಕರಿಕಟ್ಟೆಯ ಗುಂಡುತೋಪಿನದು. ಅಲ್ಲಿ ಐವತ್ನಾಲ್ಕು ಮಾವಿನ ಮರ ಇವೆ. ಊರಿನ ಹೆಂಗಸರ ಸಂಘ ಅದರ ಕಾಯಿಂದಲೇ ಉಪ್ಪಿನಕಾಯಿ ಹಾಕಿ ಹರಿಹರದ ಅಂಗಡಿಗಳಿಗೆ ಕೊಡುತ್ತದೆ. ನಾನು ತೋಟಗಾರಿಕೆ ಇಲಾಖೆಯ ಸಮೀಕ್ಷೆಗೆ ಹೋದಾಗ ಹನ್ನೊಂದು ಮರಗಳ ತೊಗಟೆಯ ಕೆಳಗೆ ಮರ ಕೊರೆಯುವ ದುಂಬಿ ಸಿಕ್ಕಿತು. ಎಳ್ಳಿನ ಕಾಳಿಗಿಂತ ಸಣ್ಣದು. ಹೋದ ಮುಂಗಾರು ಕೈಕೊಟ್ಟು ಮರಗಳು ಸೊರಗಿವೆ, ಅಂಥವಕ್ಕೇ ಇದು ಮೊದಲು ಹತ್ತುತ್ತದೆ. ಆ ಹನ್ನೊಂದು ಇನ್ನು ಉಳಿಯುವುದಿಲ್ಲ. ಈ ಚಳಿಯಲ್ಲೇ ಅವನ್ನು ಕಡಿದು, ತೊಗಟೆ ಪೂರ್ತಿ ಬಿಡಿಸಿ, ಅಲ್ಲೇ ಗುಂಡಿಯಲ್ಲಿ ಸುಟ್ಟರೆ ಮಿಕ್ಕ ನಲವತ್ಮೂರು ಉಳಿಯುತ್ತವೆ. ಚಳಿಗಾಲದಲ್ಲಿ ದುಂಬಿ ಹಾರುವುದಿಲ್ಲ, ತೊಗಟೆಯೊಳಗೇ ಕೂತಿರುತ್ತದೆ. ಬಿಸಿಲು ಏರಿ ಮುಂಗಾರಿನ ಮೊದಲ ಮಳೆ ಬಿತ್ತೆಂದರೆ ಹೊರಗೆ ಬಂದು ಪಕ್ಕದ ಮರಕ್ಕೆ ಹೋಗುತ್ತದೆ. ನಮಗಿರುವ ಕಾಲ ಅಷ್ಟೇ.

ಗ್ರಾಮಸಭೆಯಲ್ಲಿ ಇದನ್ನು ಹೇಳಿದಾಗ ಸಂಘದ ಕೊಟ್ರವ್ವ ಎದ್ದು ನಿಂತಳು. "ಮರ ಕಡಿಯಾಕೆ ಬಂದೋರು ಎಲ್ಲಾರೂ ರೋಗ ಐತೆ ಅಂತಾನೇ ಹೇಳಿದ್ದು. ನೀನೇನು ಹೊಸದು ಹೇಳ್ತಿ, ತಂಗಿ?" ಅಂದಳು. ನಾನು ಅಂಗೈ ಅಗಲ ತೊಗಟೆ ಎತ್ತಿ ಅವಳ ಕೈಗಿಟ್ಟೆ. ಅದರಲ್ಲಿ ದಾರದಂಥ ಸುರಂಗಗಳಿದ್ದವು. ತಿರುಗಿಸಿ ನೋಡಿದಳು, ಮೂಸಿ ನೋಡಿದಳು. "ಹನ್ನೊಂದು ತಗೋ. ಉಳಿದವು ಒಣಗಿದ್ರೆ ನಾನು ಯಾವ ಆಫೀಸಿಗೂ ಹೋಗಲ್ಲ, ನಿನ್ನ ಮನೀ ಬಾಗಿಲಿಗೆ ಬರ್ತೀನಿ" ಅಂದಳು. ನಾನು ಆಗಲಿ ಅಂದೆ.

ದಿಮ್ಮಿಗಳನ್ನು ಪಂಚಾಯಿತಿ ಹರಾಜಿನಲ್ಲಿ ನಿಮ್ಮ ಮಿಲ್ಲಿನ ಬಕ್ಕೇಶಪ್ಪ ಸಾವ್ಕಾರರೇ ಹಿಡಿದಿದ್ದಾರೆ. ತೊಗಟೆ ಬಿಡಿಸಿ ಸುಡುವುದು ಕರಾರಿನಲ್ಲಿದೆ. ಆದರೆ ಕರಾರಿನ ಮೇಲೆ ನನಗೆ ನಂಬಿಕೆ ಇಲ್ಲ. ನೀನು ಮುಂದೆ ನಿಂತು ಮಾಡಿಸುತ್ತೀಯಾ? ನಿನ್ನ ಬಾಚಿ ಬಿದ್ದ ಕಡೆ ತೊಗಟೆ ಉಳಿಯುವುದಿಲ್ಲ ಎಂದು ನಾನೇ ಸಭೆಯಲ್ಲಿ ಹೇಳಿಬಿಟ್ಟಿದ್ದೇನೆ.

ನಿನ್ನ ಮಗಳು
ರೇವತಿ


ಮಿಲ್ ಲೈನ್, ಹರಿಹರ
14 ಡಿಸೆಂಬರ್ 2023

ರೇವೀ,

ನಿನ್ನ ಕಾಗದ ಮುಟ್ತು. ಹಿದಾಯತ್ ಕೊಡೋವಾಗ "ಚಾಚಾ, ಮಗಳ ಆರ್ಡರ್ ಬಂದೈತೆ" ಅಂದ. ಓದಿ ನೋಡಿದ್ರೆ ಖರೇನೇ ಆರ್ಡರ್.

ಸಾವ್ಕಾರ್ರಿಗೆ ಹೇಳೀನಿ. "ಮಗಳು ಹುಡ್ಕಿದ ಹುಳ, ಅಪ್ಪ ಸುಡೋದು, ಮನೀ ವ್ಯವಹಾರ ಆತಲ್ಲೋ ಕುಬೇರ" ಅಂತ ನಕ್ಕರು. ಸೋಮವಾರದಿಂದ ನಾಲ್ಕು ಆಳು ಕರ್ಕೊಂಡು ಹೋಗ್ತೀನಿ. ಹಸಿ ಇರೋವಾಗ್ಲೇ ತೊಗಟಿ ಬಿಡ್ಸಿದ್ರೆ ಬಾಳಿಹಣ್ಣು ಸುಲಿದಂಗೆ ಬರ್ತೈತೆ. ಒಂದು ವಾರ ಬಿಟ್ರೆ ಅಂಟ್ಕೊಂತೈತೆ, ಆಮೇಲೆ ಕೆತ್ತೋದೇ. ಇದನ್ನ ನಿನಗೆ ಯಾವ ಪುಸ್ತಕದಾಗೂ ಬರ್ದಿರಲ್ಲ.

ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಮಾವಿನ ದಿಮ್ಮಿ ನಾನು ಹುಟ್ಟಿದಾಗಿಂದ ತೊಗಟಿ ಸಹಿತ ನೋಡೀನಿ. ಹುಳ ಇದ್ದೇ ಇರ್ತಿದ್ವು. ಆಗ ತೋಪು ಒಣಗಲಿಲ್ಲ, ಈಗ ಯಾಕ ಒಣಗ್ತಾವು?

ಚಳಿ ಐತೆ. ಬೆಳಿಗ್ಗೆ ಗಾಡಿ ಹೊಡಿಯೋವಾಗ ಕಿವಿಗೆ ಬಟ್ಟಿ ಕಟ್ಗೊ. ನಿನ್ನ ಕಿವಿನಾದ್ರೂ ಉಳೀಲಿ.

ಅಪ್ಪ
ಕುಬೇರಪ್ಪ


ದಾವಣಗೆರೆ
21 ಜನವರಿ 2024

ಅಪ್ಪಾ,

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಸಿಟ್ಟಾಗಿಲ್ಲ, ಸಮೀಕ್ಷೆಗೆ ಊರೂರು ತಿರುಗುತ್ತಿದ್ದೆ, ಉತ್ತರ ತಡವಾಯಿತು.

ಗಟ್ಟಿ ಮರಕ್ಕೆ ಹತ್ತು ದುಂಬಿ ಬಂದರೆ ಅದು ತನ್ನ ಅಂಟು ಸುರಿಸಿ ಹತ್ತನ್ನೂ ಮುಳುಗಿಸುತ್ತದೆ. ಸೊರಗಿದ ಮರಕ್ಕೆ ಅಷ್ಟು ಅಂಟು ಎಲ್ಲಿಂದ ಬರಬೇಕು? ಅದೂ ಅಲ್ಲದೆ ಒಂದೊಂದಾಗಿ ಬಂದರೆ ಮರ ತಡೆಯುತ್ತದೆ, ಸಾವಿರಗಟ್ಟಲೆ ಒಮ್ಮೆಲೇ ಬಂದರೆ ತಡೆಯುವುದಿಲ್ಲ. ಹನ್ನೊಂದು ಮರದ ತೊಗಟೆಯಲ್ಲಿ ಇರುವುದು ಸಾವಿರಗಟ್ಟಲೆ. ನೀನು ನೋಡುತ್ತಿದ್ದ ಕಾಲದಲ್ಲಿ ಮರಕ್ಕೆ ಶಕ್ತಿ ಇತ್ತು, ಹುಳ ಕಡಿಮೆ ಇತ್ತು.

ಹಿಮ ಬೀಳುವ ದೇಶಗಳಲ್ಲಿ ಇದರ ದಾಯಾದಿಗಳು ತೊಗಟೆಯ ಕೆಳಗೆ ಐದಾರು ತಿಂಗಳು ಹಾಗೇ ಇರುತ್ತವೆ. ಮೈಯೊಳಗಿನ ನೀರು ಹೆಪ್ಪುಗಟ್ಟಬಾರದೆಂದು ಸಿಹಿಯಾದ ಒಂದು ದ್ರವ ಮಾಡಿಕೊಳ್ಳುತ್ತವೆ. ಅಲ್ಲೂ ಅರಣ್ಯದವರು ಕಾಯುವುದು ಅದೇ ಕಾಲಕ್ಕೆ: ಹಾರುವ ಮೊದಲು ಕಡಿ, ತೊಗಟೆ ತೆಗಿ, ಸುಡು. ನಮ್ಮಲ್ಲಿ ಅಂಥ ಚಳಿ ಇಲ್ಲ, ದುಂಬಿ ಸುಮ್ಮನೆ ಮಂದವಾಗುತ್ತದೆ ಅಷ್ಟೆ. ಈಗ ತೊಗಟೆ ಎತ್ತಿದರೆ ಸತ್ತಂತೆ ಬಿದ್ದಿರುತ್ತದೆ. ಅಂಗೈಯಲ್ಲಿ ಎರಡು ನಿಮಿಷ ಇಟ್ಟುಕೋ, ಕಾಲಾಡಿಸುತ್ತದೆ.

ಶಿವರಾತ್ರಿಗಿಂತ ಮೊದಲು ಮುಗಿಯಲೇಬೇಕು. ಎಂಟು ದಿನದಿಂದ ತೋಪಿನ ಕಡೆ ಹೊಗೆ ಕಾಣಲಿಲ್ಲ ಅಂತ ಕೊಟ್ರವ್ವ ಹೇಳಿ ಕಳಿಸಿದ್ದಾಳೆ. ಆಳು ಸಿಗಲಿಲ್ಲವೇ? ಏನಾದರೂ ತೊಂದರೆ ಇದ್ದರೆ ಬರಿ, ನಾನೇ ಸಾವ್ಕಾರರ ಹತ್ತಿರ ಮಾತಾಡುತ್ತೇನೆ.

ರೇವತಿ


ಹರಿಹರ
20 ಫೆಬ್ರವರಿ 2024

ರೇವೀ,

ಕೆಲಸ ಮುಗೀತು. ಸುಟ್ಟ ಗುಂಡಿ ಮಣ್ಣು ಮುಚ್ಚೀವಿ. ಮಿಲ್ಲಿನಾಗ ಜಾಗ ಇಲ್ಲ, ದಿಮ್ಮಿ ತೋಪಿನ ಪಕ್ಕದ ಕಣದಾಗೇ ಒಂದರ ಮ್ಯಾಲೊಂದು ಅಟ್ಟಿ ಒಟ್ಟೀವಿ. ಬೋಳು ದಿಮ್ಮಿ ಅಲ್ಲಿದ್ರೆ ತೊಂದ್ರಿ ಇಲ್ಲ ಅಂತ ನೀನೇ ಹೇಳಿದ್ದಿ.

ಶುಕ್ರವಾರ ನಾಲ್ಕಕ್ಕೆ ಬಾ. ಮಂಡಕ್ಕಿ ಮೆಣಸಿನಕಾಯಿ ತಂದಿರ್ತೀನಿ.

ಕುಬೇರಪ್ಪ


ದಾವಣಗೆರೆ
25 ಫೆಬ್ರವರಿ 2024

ಅಪ್ಪಾ,

ಶುಕ್ರವಾರ ನೋಡಿಬಂದದ್ದನ್ನು ದೃಢೀಕರಿಸಿ ಸಹಿ ಮಾಡಿ ಪಂಚಾಯಿತಿಗೆ ಕೊಟ್ಟೆ. "ಹನ್ನೊಂದು ಮರಗಳ ಎಲ್ಲಾ ಐವತ್ತೆಂಟು ದಿಮ್ಮಿಗಳ ತೊಗಟೆ ತೆಗೆದು ಸುಡಲಾಗಿದೆ, ದಿಮ್ಮಿಗಳನ್ನು ಸ್ಥಳದಲ್ಲೇ ಇಡಬಹುದು." ನಾಲ್ಕು ಫೋಟೊ ಲಗತ್ತಿಸಿದ್ದೇನೆ. ಅಟ್ಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಮ್ಮ ಅಧಿಕಾರಿಗಳು "ಇದನ್ನು ಬೇರೆ ಊರಿಗೂ ಮಾದರಿಯಾಗಿ ತೋರಿಸೋಣ" ಅಂದರು. ಒಟ್ಟಿದ್ದು ನನ್ನಪ್ಪ ಅಂದೆ.

ಅವತ್ತು ನೀನು ಹೆಚ್ಚು ಮಾತಾಡಲಿಲ್ಲ. ಮೈಗೆ ಹುಷಾರಿಲ್ಲವೇ? ಮುಂದಿನ ವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ತಪ್ಪಿಸಿಕೊಳ್ಳಬೇಡ.

ರೇವತಿ


ದಾವಣಗೆರೆ
19 ಮೇ 2024

ಅಪ್ಪಾ,

ಇದನ್ನು ಸಾವ್ಕಾರರಿಗೆ ತೋರಿಸಬೇಡ. ಓದಿ ನಿನ್ನ ಹತ್ತಿರವೇ ಇಟ್ಟುಕೋ.

ಭರಣಿ ಮಳೆ ಕೈಕೊಟ್ಟಿತು, ಕೃತ್ತಿಕೆ ಕಳೆದ ಶನಿವಾರ ಚೆನ್ನಾಗಿ ಸುರಿಯಿತು. ಗುರುವಾರ ಕೊಟ್ರವ್ವ ಬಂದಳು. ಹೇಳಿದಂತೆ ನಮ್ಮ ಮನೆ ಬಾಗಿಲಿಗೇ. ಒಳಗೆ ಬಾ ಅಂದರೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು: ಹಿಟ್ಟಿನಂಥ ಮರದ ಪುಡಿ. "ಒಂಬತ್ತು ಮರದ ಬುಡದಾಗ ಉದುರೈತೆ. ಇದ್ರಾಗ ರೊಟ್ಟಿ ತಟ್ಟಬಹುದಾ ತಂಗಿ?" ಅಂದಳು.

ಕೂಡಲೇ ಹೋದೆ. ಒಂಬತ್ತೂ ಕಣದ ಕಡೆಯ ಮರಗಳೇ. ಅದನ್ನು ನೋಡಿದ ಮೇಲೆ ಅಟ್ಟಿ ಕೆಡವಿಸಿದೆ. ಹೊರಗಿನ ಸಾಲು, ಮೇಲಿನ ಸಾಲು, ಎರಡು ತುದಿ ಎಲ್ಲಾ ಬೋಳು ದಿಮ್ಮಿ. ಅವು ಇಪ್ಪತ್ತೆರಡು. ಒಳಗಿನ ಮೂವತ್ತಾರು ದಿಮ್ಮಿಗಳ ಮೇಲೆ ತೊಗಟೆ ಹಾಗೇ ಇದೆ. ತೊಗಟೆಯ ಮೇಲೆ ಜರಡಿಯಂತೆ ತೂತು. ಒಳಗೆ ಹುಳ ಇಲ್ಲ. ಎಲ್ಲಾ ಹೊರಟುಹೋಗಿವೆ.

ಕೊಟ್ರವ್ವ ಪಕ್ಕದಲ್ಲೇ ನಿಂತು ಒಂದೊಂದು ತೂತಿಗೂ ಬೆರಳಿಟ್ಟು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ಇಪ್ಪತ್ಮೂರರಂದು ನಾನು ಒಂದು ದಿಮ್ಮಿಯನ್ನೂ ಸರಿಸಿ ನೋಡಲಿಲ್ಲ. ಅದು ನನ್ನ ತಪ್ಪು, ಆಫೀಸಿಗೆ ಹಾಗೇ ಬರೆದುಕೊಟ್ಟಿದ್ದೇನೆ. ಆದರೆ ನಿನ್ನ ಕಣ್ಣು ತಪ್ಪಿಸಿ ಇದನ್ನು ಮಾಡಿದ್ದು ಯಾರು? ನೀನು ಇಲ್ಲದ ದಿನ ಸಾವ್ಕಾರರು ಬೇರೆ ಆಳು ಕಳಿಸಿ ಒಟ್ಟಿಸಿದರೇ? ನಿನ್ನ ಹೆಸರು ಕೆಡಬಾರದು. ಅವರಿಗೂ ಬೇರೆ ಕಾಗದ ಬರೆದಿದ್ದೇನೆ. ನೀನು ಗಾಬರಿಯಾಗಬೇಡ, ನಾನಿದ್ದೇನೆ.

ರೇವತಿ


ಹರಿಹರ
23 ಮೇ 2024

ಚಿ. ರೇವತಿಗೆ ಬಕ್ಕೇಶಪ್ಪನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನೀನು ಓದಿದವಳು, ಕಾಯ್ದೆ ಬಲ್ಲವಳು. ನಾನು ಮಾಡಿದ್ದು ಕರಾರಿಗೆ ವಿರುದ್ಧ ಎಂಬುದು ಸರಿ. ಅದಕ್ಕೆ ಪಂಚಾಯಿತಿ ಹಾಕುವ ದಂಡ ಕಟ್ಟುತ್ತೇನೆ, ತಕರಾರಿಲ್ಲ.

ಒಬ್ಬರ ಬಂಗಲೆಗೆ ಅಗಲವಾದ ಹಲಗೆ ಬೇಕಿತ್ತು. ತೊಗಟೆ ತೆಗೆದ ಮಾವು ನಮ್ಮ ಮಾರ್ಚ್ ಬಿಸಿಲಿಗೆ ಸೀಳುತ್ತದೆ, ಅಗಲ ಸಿಗುವುದಿಲ್ಲ. ಆದ್ದರಿಂದ ದಪ್ಪ ದಿಮ್ಮಿಗಳ ತೊಗಟೆ ಇರಲಿ ಎಂದೆ. ಅಷ್ಟೇ ನಾನು ಹೇಳಿದ್ದು. "ರೇವತಿ ಬಂದು ನೋಡ್ತಾಳಲ್ಲೋ, ಆಗೇನು ಮಾಡ್ತಿ?" ಅಂತ ನಾನೇ ಕೇಳಿದೆ. "ಅದು ನನಗೆ ಬಿಡ್ರಿ ಸಾವ್ಕಾರ್ರೆ" ಅಂದವನು ನಿಮ್ಮಪ್ಪ. ಹೇಗೆ ಒಟ್ಟಬೇಕೆಂದು ನಾನು ಹೇಳಿಲ್ಲ. ಬೇರೆ ಆಳನ್ನೂ ಕಳಿಸಿಲ್ಲ.

ನಿನಗೆ ಬೇಸರ ಮಾಡಬೇಕೆಂದು ಬರೆಯುತ್ತಿಲ್ಲ. ನಾನು ಮಾಡದ್ದನ್ನು ನನ್ನ ತಲೆಗೆ ಕಟ್ಟಬೇಡ ಎಂದು ಬರೆಯುತ್ತಿದ್ದೇನೆ. ನಿಮ್ಮಪ್ಪನನ್ನೇ ಕೇಳು.

ಬಕ್ಕೇಶಪ್ಪ


ದಾವಣಗೆರೆ
26 ಮೇ 2024

ಅಪ್ಪಾ,

ಸಾವ್ಕಾರರ ಕಾಗದ ಇದರ ಜೊತೆ ಇಟ್ಟಿದ್ದೇನೆ. ಸುಳ್ಳು ಅಂತ ಒಂದು ಸಾಲು ಬರೆದು ಕಳಿಸು. ನಾನು ನಂಬುತ್ತೇನೆ.

ರೇವತಿ


ಹರಿಹರ
12 ಜೂನ್ 2024

ರೇವೀ,

ನಾಲ್ಕು ಸಲ ಬರ್ದು ಹರಿದೆ.

ಅಟ್ಟಿ ಒಟ್ಟಿದ್ದು ನಾನೇ. ನೀನು ರಸ್ತೆ ಕಡೆಯಿಂದ ಬರ್ತಿ, ಬೇವಿನ ನೆಳ್ಳಾಗ ನಿಂತು ಫೋಟೊ ತೆಗೀತಿ, ಸಂಜಿ ಆತು ಅಂದ್ರೆ ಒಂದು ಸುತ್ತು ಹಾಕಿ ಹೊಂಟು ಬಿಡ್ತಿ, ದಿಮ್ಮಿ ಸರಿಸಿ ನೋಡಲ್ಲ ಅಂತ ಗೊತ್ತಿತ್ತು. ಅದಕ್ಕೇ ನಾಲ್ಕಕ್ಕೆ ಬಾ ಅಂದಿದ್ದು. ಮಂಡಕ್ಕಿ ತಂದಿದ್ದೂ ಅದಕ್ಕೇ.

ಸಾವ್ಕಾರ್ರು ತೊಗಟಿ ಇರ್ಲಿ ಅಂದಾಗ ಬ್ಯಾಡ ಅನ್ನೋಕೆ ಬಾಯಿ ಬರ್ಲಿಲ್ಲ. ನಲವತ್ತೊಂದು ವರ್ಷದಾಗ ಅವರಿಗೆ ಬ್ಯಾಡ ಅಂದಿದ್ದು ಒಂದು ಸಲನೂ ನೆನಪಿಲ್ಲ. ನಿನಗೆ ಹೇಳಿದ್ರೆ ನೀನು ಸಹಿ ಮಾಡ್ತಿರಲಿಲ್ಲ, ಅವರ ಮ್ಯಾಲೆ ಬರೀತಿದ್ದಿ. ಇಬ್ಬರಿಗೂ ಬ್ಯಾಸರ ಆಗಬಾರ್ದು ಅಂದ್ಕೊಂಡೆ. ಮಳಿಗಿಂತ ಮೊದ್ಲು ಕೊಯ್ದು ಬಿಡ್ತೀವಿ, ತೊಗಟಿ ಸಿಬರು ಸಹಿತ ಬಾಯ್ಲರಿನ ಬೆಂಕಿಗೆ ಹೋಗ್ತೈತೆ, ಯಾರಿಗೂ ಗೊತ್ತಾಗಲ್ಲ ಅಂತಿತ್ತು ನನ್ನ ಲೆಕ್ಕ. ಬಂಗಲೆಯೋರು ಈಗ ಬ್ಯಾಡ ಆಮೇಲೆ ಅಂದ್ರು. ಅಟ್ಟಿ ಅಲ್ಲೇ ಉಳೀತು.

ಇನ್ನೊಂದು ಖರೆ ಹೇಳ್ತೀನಿ. ನಿನ್ನ ಹುಳ ಹಾರ್ತಾವು ಅಂತ ನಾನು ಪೂರಾ ನಂಬಿರಲಿಲ್ಲ. ನೀನು ಹೇಳಿದಂಗೆ ಅಂಗೈಯಾಗ ಇಟ್ಕೊಂಡು ನೋಡಿದ್ದೆ. ಕಾಲು ಆಡಿಸ್ತು. ಆಗ ನಂಬಬೇಕಿತ್ತು.

ಸಭೆಯಾಗ ನನ್ನ ಹೆಸರು ತರಬ್ಯಾಡ. ಕುಬೇರಪ್ಪ ಕೊಯ್ದ ಹಲಗಿ ಅಂದ್ರೆ ಈ ಊರಾಗ ಎಲ್ಲಾರೂ ತಿರುವಿ ನೋಡದೇ ತಗೊಂತಾರ. ನನಗಿರೋದು ಅದೊಂದೇ. ಸಾವ್ಕಾರ್ರು ದಂಡ ಕಟ್ತಾರ, ಅಲ್ಲಿಗೆ ಮುಗೀಲಿ.

ಅಪ್ಪ


ದಾವಣಗೆರೆ
7 ಜುಲೈ 2024

ಅಪ್ಪಾ,

ಶುಕ್ರವಾರದ ಸಭೆಯಲ್ಲಿ ನೀನೂ ಇದ್ದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಿನಗೆ ಕೇಳಿಸಲಿಲ್ಲ ಎಂದು ನೀನು ಎಲ್ಲರ ಮುಂದೆ ತೋರಿಸಿಕೊಂಡೆ.

ನಾನು ಎದ್ದು, ನೋಡದೆ ಸಹಿ ಮಾಡಿದವಳು ನಾನು, ಅಂದೆ. ತೊಗಟೆ ಇಡಲು ಹೇಳಿದವರು ಸಾವ್ಕಾರರು, ಅಂದೆ. ನಿನ್ನ ಹೆಸರು ಹೇಳಲಿಲ್ಲ. ನೀನೇ ಹೇಳುತ್ತೀಯ ಎಂದು ಸುಮ್ಮನಿದ್ದೆ. ಹೇಳಬೇಡ ಎಂದು ನೀನು ಬರೆದಿದ್ದಕ್ಕಲ್ಲ.

ಆಗ ಕೊಟ್ರವ್ವ ನಿನ್ನ ಕಡೆ ತಿರುಗಿದಳು. "ಕುಬೇರಣ್ಣ, ಬೋಳು ಹೊರಗೆ, ತೊಗಟಿ ಒಳಗೆ ಅಂತ ಒಟ್ಟಿದ ಪುಣ್ಯಾತ್ಮ ಯಾರು?" ನೀನು ಕಿವಿಗೆ ಕೈ ಇಟ್ಟೆ. ಇನ್ನೊಮ್ಮೆ ಕೂಗಿದಳು. "ಕೇಳಿಸ್ವಲ್ದವ್ವ" ಅಂದೆ. ಹಿಂದೆ ಕೂತ ಹುಡುಗರು ನಕ್ಕರು. ನಾನು ಅದೇ ಪ್ರಶ್ನೆಯನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ನಿನ್ನ ಮುಂದೆ ಹಿಡಿದೆ. ನೀನು ಹಾಳೆ ನೋಡಿದೆ, ನನ್ನ ಮುಖ ನೋಡಿದೆ. "ಕನ್ನಡಕ ತಂದಿಲ್ಲ" ಅಂದೆ.

ಅಪ್ಪಾ, ನಿನಗೆ ಕನ್ನಡಕವೇ ಇಲ್ಲ.

ಕೊಟ್ರವ್ವ ದಡ್ಡಿಯಲ್ಲ. ನಿನ್ನನ್ನು ಬಿಟ್ಟು ನನ್ನನ್ನು ನೋಡಿದಳು. "ಹೋಗ್ಲಿ ಬಿಡು ತಂಗಿ, ಗೊತ್ತಾತು" ಅಂದಳು. ಅಷ್ಟು ಜನರ ಮಧ್ಯೆ ಅವಳು ನನ್ನ ಮೇಲೆ ಕನಿಕರಪಟ್ಟಳು. ನಲವತ್ಮೂರು ಮರ ಉಳಿಸುತ್ತೇನೆ ಅಂತ ಅವಳಿಗೆ ಮಾತು ಕೊಟ್ಟವಳು ನಾನು.

ಈಗ ಪುಡಿ ಉದುರುತ್ತಿರುವ ಮರ ಹದಿನೇಳು. ಉಳಿದವಕ್ಕೆ ನೀರು ಕಟ್ಟಿಸಿ ಶಕ್ತಿ ತರುವುದು ಬಿಟ್ಟರೆ ಈಗ ಮಾಡಲು ಏನೂ ಇಲ್ಲ. ಮತ್ತೆ ಚಳಿ ಬರಬೇಕು. ನನ್ನ ಆಫೀಸಿನವರು ಇನ್ನು ಮೇಲೆ ದೃಢೀಕರಣಕ್ಕೆ ನನ್ನ ಸಹಿ ಬೇಡ ಅಂದಿದ್ದಾರೆ. ಅದು ಸರಿಯಾದ ಕ್ರಮ.

ನನಗೆ ಅರ್ಥವಾಗದ್ದು ಒಂದೇ. ಬಕ್ಕೇಶಪ್ಪನವರು ತೊಗಟೆ ಉಳಿಸಿದರು. ಅವರು ವ್ಯಾಪಾರಸ್ಥರು, ಅವರಿಗೆ ನಾನು ಯಾರು? ನೀನು ನನ್ನ ಅಭ್ಯಾಸಗಳನ್ನು ಒಂದೊಂದಾಗಿ ನೆನೆಸಿಕೊಂಡು, ನಾನು ಎಲ್ಲಿ ನಿಲ್ಲುತ್ತೇನೆ, ಎಲ್ಲಿ ನೋಡುವುದಿಲ್ಲ ಅಂತ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ದಿಮ್ಮಿ ಇಟ್ಟೆ. ಬೇರೆ ಯಾರಿಗೂ ನಾನು ಅಷ್ಟು ಗೊತ್ತಿಲ್ಲ.

ರೇವತಿ


ಹರಿಹರ
30 ನವೆಂಬರ್ 2024

ರೇವತಿಗೆ,

ಐದು ತಿಂಗಳಾತು, ಹಿದಾಯತ್ ಬರಿಗೈಯಾಗ ಬರ್ತಾನ. ಕೇಳಿದ್ರೆ "ಕುಛ್ ನಹೀ ಚಾಚಾ, ಏನೂ ಕೊಟ್ಟಿಲ್ಲ" ಅಂತಾನ. ಅವನಿಗೆ ನನ್ನ ಮುಖ ನೋಡೋಕಾಗದೆ ಟೈರು ನೋಡ್ತಾನ.

ಅವತ್ತು ಕೊಟ್ರವ್ವ ಮೊದಲ ಸಲ ಅಂದಿದ್ದೇ ಕೇಳಿಸ್ತು. ನೀನು ಬರ್ದಿದ್ದೂ ಓದಿದೆ. ಬಾಯಿ ಏಳ್ಲಿಲ್ಲ. ಮೊನ್ನೆ ಅವಳ ಮನೀಗೆ ಹೋಗಿ ಒಟ್ಟಿದ್ದು ನಾನೇ ಅಂತ ಹೇಳಿ ಬಂದೆ. "ಐದು ತಿಂಗಳಾದ ಮೇಲೆ ಕಿವಿ ಬಂತೇನಣ್ಣ" ಅಂದ್ಲು. ಮಜ್ಜಿಗಿ ಕೊಟ್ಲು, ಕುಡಿದೆ.

ಮಿಲ್ ಬಿಟ್ಟೀನಿ. ಮಿಲ್ಲಿನ ಲೈನ್ ಮನ್ಯಾಗ ಸಂಕ್ರಾಂತಿ ತನಕ ಇರು ಅಂದಾರ ಸಾವ್ಕಾರ್ರು.

ಈ ಚಳಿಗೆ ಇಪ್ಪತ್ತೆರಡು ಮರ ಬೀಳ್ತಾವಂತ. ತೊಗಟಿ ಬಿಡ್ಸೋಕೆ ನನ್ನ ಕರಿ. ಕೂಲಿ ಬ್ಯಾಡ. ಒಂದೊಂದು ದಿಮ್ಮಿ ನಿನ್ನ ಮುಂದೆ ಉರುಳಿಸಿ, ನಾಲ್ಕೂ ಮಗ್ಗಲು ತೋರಿಸಿ ಇಡ್ತೀನಿ. ನೀನು ಮಾತಾಡಬ್ಯಾಡ, ನೋಡು ಸಾಕು.

ಅಪ್ಪ


ದಾವಣಗೆರೆ
8 ಡಿಸೆಂಬರ್ 2024

ಅಪ್ಪಾ,

ಲೈನ್ ಮನೆ ಖಾಲಿ ಮಾಡುವ ದಿನ ತಿಳಿಸು. ಇಲ್ಲಿ ಹತ್ತಿರದಲ್ಲೇ ಕೆಳಗಿನ ಮನೆಯೊಂದು ಖಾಲಿ ಇದೆ, ಮಾತಾಡಿ ಇಟ್ಟಿದ್ದೇನೆ. ಹಿದಾಯತ್ ಸಾಮಾನು ತಂದು ಇಳಿಸುತ್ತಾನೆ. ಕಿವಿಯ ಡಾಕ್ಟರ ಹತ್ತಿರ ಜನವರಿ ಆರಕ್ಕೆ ಹೆಸರು ಬರೆಸಿದ್ದೇನೆ. ಅದೆಲ್ಲ ನಾನು ಮಾಡುತ್ತೇನೆ.

ತೋಪಿನ ಕೆಲಸದ ಬಗ್ಗೆ ನಿನ್ನೆ ಸಂಘದವರು ಕೂತಿದ್ದರು. ನಿನ್ನ ಹೆಸರು ತೆಗೆದವಳು ಕೊಟ್ರವ್ವನೇ. "ಹರಿಹರದಾಗ ಆ ಮುದುಕನಷ್ಟು ಚೆಂದ ತೊಗಟಿ ಬಿಡ್ಸೋರು ಯಾರೂ ಇಲ್ಲ. ಕರಿ ನಿಮ್ಮಪ್ಪನ್ನ. ನಾನು ಅಟ್ಟಿ ಮ್ಯಾಲೇ ಕೂತಿರ್ತೀನಿ, ಹೆಂಗೆ ಮುಚ್ಚಿಡ್ತಾನೋ ನೋಡ್ತೀನಿ" ಅಂದಳು. ಎಲ್ಲರೂ ನಕ್ಕರು, ಒಪ್ಪಿದರು. ಆಮೇಲೆ ನನ್ನನ್ನು ಕೇಳಿದರು.

ನಾನು ಬೇಡ ಅಂದೆ.

ಅದನ್ನು ಬೇರೆಯವರಿಂದ ನೀನು ಕೇಳಬಾರದು ಎಂದು ಬರೆಯುತ್ತಿದ್ದೇನೆ. ಕೊಟ್ರವ್ವ ನಿನ್ನ ಮೇಲೆ ಕಾವಲು ಕೂರಬಲ್ಲಳು, ಅವಳಿಗೆ ಅದು ಕೆಲಸ. ನೀನು ಒಂದೊಂದೇ ಉರುಳಿಸಿದರೆ ನಾನೂ ಒಂದೊಂದೇ ನೋಡಬೇಕು. ನಾಲ್ಕು ಮಗ್ಗಲು ನೋಡಿದ ಮೇಲೆ, ನೀನು ಊಟಕ್ಕೆ ಕೂತಾಗ, ಹಿಂದೆ ಹೋಗಿ ಮತ್ತೆ ನೋಡುತ್ತೇನೆ. ಅದು ನನಗೆ ಗೊತ್ತಿದೆ. ನಿನಗೂ ಕಾಣಿಸುತ್ತದೆ.

ರಾಣೆಬೆನ್ನೂರಿನಿಂದ ಆರು ಜನ ಬರುತ್ತಾರೆ. ನಿನ್ನಷ್ಟು ಚೆನ್ನಾಗಿ ಮಾಡುವವರಲ್ಲ, ಒಂದು ವಾರ ಹೆಚ್ಚಿಗೆ ಹಿಡಿಯುತ್ತದೆ. ಸೋಮವಾರ ಮೊದಲ ಮರ. ನೀನು ಬರಬೇಡ.

ರೇವತಿ